ಸಾಕಿನಾಕಾದಲ್ಲಿ ಕುದಿದ ಗಾಡಿ

ಅಮ್ಮನನ್ನು ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೆ ಹತ್ತಿಸಬೇಕಿತ್ತು. ಮೇ ತಿಂಗಳು. ಮರೋಳದಿಂದ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ ದೂರವೇನಲ್ಲ. ಆದರೆ ಮಧ್ಯದಲ್ಲಿ ಸಾಕಿನಾಕಾ ಇದೆ. ಮುಂಬಯಿಯಲ್ಲಿ ಇರುವವರಿಗೆ ಇಷ್ಟು ಹೇಳಿದರೆ ಸಾಕು. ರೈಲು ಹೊರಡುವುದು ಮೂರು ಗಂಟೆ ದಾಟಿದ ಮೇಲೆ. ನಾವು ಒಂದೂವರೆಗೇ ಮನೆ ಬಿಟ್ಟೆವು. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಮಡಿಲಲ್ಲಿ ಊರಿನ ಮೊಮ್ಮಕ್ಕಳಿಗೆ ಅಂತ ಕಟ್ಟಿಸಿದ ಮಾಹಿಮ್ ಹಲ್ವಾದ ಎರಡು ಡಬ್ಬ.

ಅಂಧೇರಿ-ಕುರ್ಲಾ ರಸ್ತೆಯಲ್ಲಿ ಗಾಡಿಗಳು ತೆವಳುತ್ತಿದ್ದವು. ತಲೆಯ ಮೇಲೆ ಮೆಟ್ರೋ ಆರಾಮಾಗಿ ಹೋಗುತ್ತಿತ್ತು. ಕೆಳಗೆ ಬಸ್ಸು, ರಿಕ್ಷಾ, ಟ್ಯಾಂಕರ್, ನಾವು. ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ ಹೇಳಿದರು, "ಮಗಾ, ನಿಂತಲ್ಲೆಲ್ಲ ಈ ಎಸಿಯಂಗೆ ಬಿಸಿ ಗಾಳಿ ಬತ್ತ್ ಕಾಣ್."

"ಹೊರಗೆ ಅಷ್ಟು ಸೆಕೆ ಅಮ್ಮಾ" ಅಂದೆ. ಅಷ್ಟಕ್ಕೇ ಬಿಟ್ಟೆ.

ಎರಡು ನಿಮಿಷದಲ್ಲಿ ಬೆಲ್ಲದ ಪಾಕ ಸೀದ ಹಾಗೆ ಸಿಹಿ ವಾಸನೆ ಬಂತು. ರಸ್ತೆ ಪಕ್ಕದಲ್ಲಿ ಯಾರೋ ಏನೋ ಕಾಯಿಸುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಮೀಟರ್ ನೋಡಿದೆ. ಸದಾ ಮಧ್ಯದಲ್ಲಿ ಇರುತ್ತಿದ್ದ ಟೆಂಪರೇಚರ್ ಮುಳ್ಳು ಕೆಂಪು ಗೆರೆಯ ಹತ್ತಿರ ಹೋಗಿತ್ತು. ಬಾನೆಟ್‌ನ ಸಂದಿಯಿಂದ ಆವಿ.

"ಕಾಣ್ ಕಾಣ್, ಹೊಗಿ ಬತ್ತ್!" ಅಮ್ಮ ಹಲ್ವಾ ಡಬ್ಬ ಎದೆಗೆ ಒತ್ತಿಕೊಂಡರು.

ಎಸಿ ಆಫ್ ಮಾಡಿ ಹೀಟರ್ ಹಾಕಬೇಕು ಅಂತ ಎಲ್ಲೋ ಕೇಳಿದ್ದು ನೆನಪಿಗೆ ಬಂತು. ಗಾಡಿಯೊಳಗಿನ ಹೀಟರ್ ಅಂದರೆ ಒಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ನೀರೇ ಅದರೊಳಗೆ ಸುತ್ತುತ್ತದೆ. ಅದರ ಫ್ಯಾನ್ ಜೋರಾಗಿ ಹಾಕಿದರೆ ಎಂಜಿನ್ನಿನ ಬಿಸಿ ಸ್ವಲ್ಪ ನಮ್ಮ ಮುಖಕ್ಕೆ ಬರುತ್ತದೆ, ಎಂಜಿನ್ ಅಷ್ಟು ತಣಿಯುತ್ತದೆ. ಮೇ ತಿಂಗಳ ಮಧ್ಯಾಹ್ನ, ಸಾಕಿನಾಕಾದಲ್ಲಿ, ಹೆತ್ತ ತಾಯಿಯನ್ನು ಕೂರಿಸಿಕೊಂಡು ಹೀಟರ್ ಹಾಕಿದ ಮಗ ನಾನು. ಅಮ್ಮ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ಬೇಸರ ಆಯಿತು. ಹೇಗೋ ಎಡಕ್ಕೆ ಸರಿದು, ಒಂದು ಟೈರ್ ಅಂಗಡಿಯ ಮುಂದೆ ನಿಲ್ಲಿಸಿ, ಎಂಜಿನ್ ಬಂದ್ ಮಾಡಿದೆ.

ಬಾನೆಟ್ ತೆಗೆದು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಲು ಹೋದೆ. ಹಿಂದೆ ನಿಂತಿದ್ದ ರಿಕ್ಷಾದವನು ನನ್ನ ಮೊಣಕೈ ಹಿಡಿದು ಎಳೆದ. "ಸಾಬ್, ಮುಖ ಸುಟ್ಟುಕೊಳ್ತೀರಾ?" ಅಂತ ಹಿಂದಿಯಲ್ಲಿ ಬೈದ. ಅವನು ಹೇಳಿದ್ದು ಸರಿ. ಒಳಗಿನ ನೀರು ಒತ್ತಡದಲ್ಲಿ ಇರುತ್ತದೆ. ಹೊರಗೆ ನೂರು ಡಿಗ್ರಿಗೆ ಕುದಿಯುವ ನೀರು, ಒಂದು ಬಾರ್ ಒತ್ತಡ ಹೆಚ್ಚಿದ್ದರೆ 120ರ ತನಕ ಕುದಿಯುವುದಿಲ್ಲ. ನಮ್ಮ ಅಡುಗೆಮನೆಯ ಕುಕ್ಕರಿನ ಲೆಕ್ಕ ಇದೇ. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗುತ್ತದೆ, ಇದ್ದ ನೀರೆಲ್ಲ ಒಟ್ಟಿಗೆ ಕುದಿದು ಮೇಲಕ್ಕೆ ಚಿಮ್ಮುತ್ತದೆ. ಅದೇ ರಿಕ್ಷಾದಲ್ಲಿ ಅಮ್ಮನನ್ನು ಕೂರಿಸಿ ಕಳಿಸಿದೆ. ರೈಲು ಸಿಕ್ಕಿತು. ನಾನು ಮುಕ್ಕಾಲು ಗಂಟೆ ಟೈರ್ ಅಂಗಡಿಯ ಸ್ಟೂಲ್ ಮೇಲೆ ಕೂತೆ. ಗಾಡಿ ತಣ್ಣಗಾದ ಮೇಲೆ ಎರಡು ಬಾಟಲಿ ನೀರು ಹಾಕಿ, ನಿಧಾನಕ್ಕೆ ಮನೆಗೆ ತಂದೆ.

ಗಾಡಿ 2013ರ ಮಾಡೆಲ್. ಚಿಕ್ಕ ಪೆಟ್ರೋಲ್ ಗಾಡಿ, ಅಲ್ಲಿಯ ತನಕ ಒಂದು ದಿನವೂ ತೊಂದರೆ ಕೊಟ್ಟಿರಲಿಲ್ಲ. ಅದಕ್ಕೇ ನನಗೆ ಅದರ ಹೊಟ್ಟೆಯೊಳಗೆ ಏನಿದೆ ಅಂತಲೂ ಗೊತ್ತಿರಲಿಲ್ಲ.

ಮೊದಲು ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಬಾನೆಟ್ ಒಳಗೆ ಹತ್ತು ಸೆಕೆಂಡ್ ನೋಡಿದ. "ಥರ್ಮೋಸ್ಟಾಟ್ ವಾಲ್ ಜಾಮ್ ಆಗಿದೆ. ತೆಗೆದು ಬಿಸಾಡ್ತೀನಿ. ನಮ್ಮ ಹವೆಗೆ ಅದು ಬೇಡವೇ ಬೇಡ" ಅಂದ. ತೆಗೆದ. ಅಂಗಳದ ಬೋರ್ ನೀರಿಗೆ, ಎಂಜಿನ್ ತಣಿಸುವ ಹಸಿರು ಕೂಲಂಟ್ ಅರ್ಧ ಲೀಟರ್ ಸೇರಿಸಿ ತುಂಬಿದ. 1,200 ರೂಪಾಯಿ. ಹೋಗುವಾಗ "ಈಗ ಹಿಮಾಲಯಕ್ಕೆ ಹೋದರೂ ಬಿಸಿ ಆಗಲ್ಲ" ಅಂದ. ಹಿಮಾಲಯದಲ್ಲಿ ಯಾಕೆ ಬಿಸಿ ಆಗುತ್ತೆ ಅಂತ ನಾನು ಕೇಳಲಿಲ್ಲ.

ನಾಲ್ಕು ದಿನ ಸರಿ ಇತ್ತು. ಈಗ ಯೋಚಿಸಿದರೆ, ಆ ನಾಲ್ಕು ದಿನ ನಾನು ಗಾಡಿ ತೆಗೆದದ್ದು ರಾತ್ರಿ ಹೊತ್ತು, ಖಾಲಿ ರಸ್ತೆಯಲ್ಲಿ. ಐದನೆಯ ದಿನ ಸಂಜೆ ಮುಲುಂಡಿಗೆ ಹೊರಟಿದ್ದೆ. ಜೋಗೇಶ್ವರಿ-ವಿಕ್ರೋಲಿ ಲಿಂಕ್ ರೋಡಿನಲ್ಲಿ, ಪವಾಯಿ ದಾಟಿ ಗಾಂಧಿನಗರ ಜಂಕ್ಷನ್ ಹತ್ತಿರ, ಮತ್ತೆ ಅದೇ ಸಿಹಿ ವಾಸನೆ.

ಎರಡನೆಯ ಸಲ ದೊಡ್ಡ ವರ್ಕ್‌ಶಾಪಿಗೆ ಹೋದೆ. ಗಾಜಿನ ಬಾಗಿಲು, ಕಾಫಿ ಮಶಿನ್, ಕಂಪ್ಯೂಟರಿನಲ್ಲಿ ಜಾಬ್ ಕಾರ್ಡ್. ಫ್ಯಾನ್ ನೋಡಿದ್ರಾ ಅಂತ ಕೇಳಿದೆ. ಆ ಮಟ್ಟಿಗೆ ನನಗೂ ತಲೆ ಓಡಿತ್ತು. ಹುಡುಗ ಗಾಡಿ ಸ್ಟಾರ್ಟ್ ಮಾಡಿ ಎಸಿ ಒತ್ತಿದ. ಫ್ಯಾನ್ ಭರ್ರೆಂದು ತಿರುಗಿತು. "ನೋಡಿ ಸರ್, ಫ್ಯಾನ್ ಓಕೆ." ಜಾಬ್ ಕಾರ್ಡಿನಲ್ಲಿ ಟಿಕ್ ಹಾಕಿದ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದೆ ಅಂತ ಹೊಸದು ಹಾಕಿದರು. 6,500 ರೂಪಾಯಿ. ಮೂರು ದಿನಕ್ಕೆ ಮತ್ತೆ ಕುದಿಯಿತು. ವಾಪಸ್ ಕೊಂಡುಹೋದರೆ ಸೂಪರ್‌ವೈಸರ್ ರಿಸರ್ವ್ ಬಾಟಲಿಯಲ್ಲಿ ಏಳುತ್ತಿದ್ದ ಗುಳ್ಳೆ ತೋರಿಸಿದರು. "ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್. ಎಂಜಿನ್ ಬಿಚ್ಚಬೇಕು." ಎಸ್ಟಿಮೇಟ್ 28,000.

ನಾನು ಗಾಡಿ ತೆಗೆದುಕೊಂಡು ಸುಮ್ನೆ ಮನೆಗೆ ಬಂದೆ.

ಹೆಡ್ ಗ್ಯಾಸ್ಕೆಟ್ ಅನ್ನುವುದು ಎಂಜಿನ್ನಿನ ಮೇಲಿನ ಭಾಗಕ್ಕೂ ಕೆಳಗಿನ ಭಾಗಕ್ಕೂ ಮಧ್ಯೆ ಇರುವ ತೆಳುವಾದ ಹಾಳೆ. ಸುಡುವ ಪೆಟ್ರೋಲಿನ ಗ್ಯಾಸು, ಆಯಿಲ್, ನೀರು ಒಂದಕ್ಕೊಂದು ಸೇರದ ಹಾಗೆ ಅದು ತಡೆಯುತ್ತದೆ. ಅದು ಹೋದರೆ ಗ್ಯಾಸು ನೀರಿಗೆ ನುಗ್ಗುತ್ತದೆ, ಬಾಟಲಿಯಲ್ಲಿ ಗುಳ್ಳೆ ಬರುತ್ತದೆ. ಅದು ನಿಜ. ಆದರೆ ನೀರು ಕುದಿದರೂ ಗುಳ್ಳೆ ಬರುತ್ತದೆ, ಅಲ್ವಾ? ಹೊಸ ರೇಡಿಯೇಟರ್ ಹಾಕಿದಾಗ ಒಳಗೆ ಉಳಿದ ಗಾಳಿ ಹೊರಬರುವಾಗಲೂ ಗುಳ್ಳೆ ಬರುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದೆ. ಆಯಿಲ್‌ಗೆ ನೀರು ಸೇರಿದರೆ ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತದಂತೆ. ನನ್ನದು ಬರೀ ಕಪ್ಪು. ಸೈಲೆನ್ಸರಿನಲ್ಲಿ ಬಿಳಿ ಹೊಗೆಯೂ ಇರಲಿಲ್ಲ.

ಆ ಶನಿವಾರ ಕುರ್ಲಾಕ್ಕೆ ಹೋದೆ, ಸಿಎಸ್‌ಟಿ ರೋಡಿಗೆ. ಹಳೆ ಗಾಡಿಯ ಬಿಡಿಭಾಗ ಏನು ಬೇಕಾದರೂ ಸಿಗುವ ರಸ್ತೆ ಅದು. ಬಾಗಿಲು, ಬಂಪರ್, ಗೇರ್‌ಬಾಕ್ಸ್ ಎಲ್ಲ ಫುಟ್‌ಪಾತಿನ ಮೇಲೇ ರಾಶಿ. ಬಿಸಾಡಿದ ಥರ್ಮೋಸ್ಟಾಟ್‌ಗೆ ಬದಲಿ ಹುಡುಕುವ ನೆಪ. ನಿಜ ಹೇಳಬೇಕೆಂದರೆ 28,000ಕ್ಕಿಂತ ಕಡಿಮೆ ಹೇಳುವ ಯಾರಾದರೂ ಸಿಗುತ್ತಾರಾ ಅಂತ ಹೋಗಿದ್ದೆ. ಒಂದು ಸಂದಿಯ ಬಾಯಲ್ಲಿ, ಡೈನಮೋ-ಸೆಲ್ಫ್ ರಿಪೇರಿ ಅಂಗಡಿಯಲ್ಲಿ, ಒಬ್ಬರು ಫೋನಿನಲ್ಲಿ ಜೋರಾಗಿ ಮಾತಾಡುತ್ತಿದ್ದರು. "ಏ ತಮ್ಮಾ, ಈ ಸಲಾ ಮಳಿ ಆಗೇತೇನ ಅಲ್ಲಿ?"

ವಿಜಾಪುರ ಕಡೆಯ ಮಾತು. ಕಾಲು ತಾನಾಗಿ ನಿಂತಿತು. ಫೋನ್ ಇಟ್ಟ ಮೇಲೆ ಕನ್ನಡದಲ್ಲಿ ನಮಸ್ಕಾರ ಅಂದೆ. ಅರವತ್ತು ದಾಟಿದ ಮನುಷ್ಯ. ಬನಿಯನ್, ಎಣ್ಣೆ ಮೆತ್ತಿದ ಪ್ಯಾಂಟು, ಹಣೆಗೆ ವಿಭೂತಿ. ಒಂದು ಮಗುಚಿದ ಬ್ಯಾಟರಿ ಡಬ್ಬ ತೋರಿಸಿ "ಕುಂದರ್ರಿ ಸಾಹೇಬ್ರ" ಅಂದರು. ಚಹಾ ಬಂತು. ನಾನು ಥರ್ಮೋಸ್ಟಾಟಿನಿಂದ ಹಿಡಿದು ಹೆಡ್ ಗ್ಯಾಸ್ಕೆಟ್ ತನಕ ಕಥೆ ಹೇಳಿದೆ. ಅವರು ಒಂದು ಆರ್ಮೇಚರಿಗೆ, ಅಂದರೆ ಮೋಟಾರಿನೊಳಗೆ ತಿರುಗುವ ಭಾಗಕ್ಕೆ, ಮರಳು ಕಾಗದ ಉಜ್ಜುತ್ತಾ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ತಲೆ ಎತ್ತಿ ಒಂದೇ ಪ್ರಶ್ನೆ ಕೇಳಿದರು.

"ಗಾಡಿ ನಿಂತಾಗ ಎಸಿ ತಣ್ಣಗ ಬರತೈತೇನ್ರಿ?"

ಅಮ್ಮನ ಸೆರಗು ಕಣ್ಣ ಮುಂದೆ ಬಂತು. "ಇಲ್ಲ ಕಾಕಾ. ನಿಂತಲ್ಲೆಲ್ಲ ಬಿಸಿ ಗಾಳಿ."

"ಓಡೂಮುಂದ?"

"ತಣ್ಣಗೆ."

"ಮತ್ತ ಆತಲ್ರಿ." ಆರ್ಮೇಚರ್ ಕೆಳಗಿಟ್ಟರು. "ಎಸಿ ಜಾಳಿ ಮುಂದ, ರೇಡಿಯೇಟರ್ ಹಿಂದ, ಎರಡಕ್ಕೂ ಅದs ಒಂದ ಫ್ಯಾನ್. ಗಾಡಿ ಓಡೂಮುಂದ ರಸ್ತಾದ ಗಾಳಿ ಸಾಕು, ಫ್ಯಾನ್ ಯಾಕ ಬೇಕು? ನಿಂತಾಗ ಗಾಳಿ ಎಲ್ಲಿಂದ ತರ್ತೀರಿ?"

"ಆದರೆ ವರ್ಕ್‌ಶಾಪಿನಲ್ಲಿ ಫ್ಯಾನ್ ತಿರುಗಿತು ಕಾಕಾ. ನಾನೇ ನೋಡಿದೆ."

"ತಿರಗತೈತಿ ಅಂತ ಎಲ್ಲಾರೂ ನೋಡ್ತಾರ್ರಿ. ಎಷ್ಟೊತ್ತು ತಿರಗತೈತಿ ಅಂತ ಯಾರು ನೋಡ್ಯಾರ?"

ಗಾಡಿ ತಂದಿದ್ದೀರಾ ಅಂತ ಕೇಳಿದರು. ಇಲ್ಲ, ಬಸ್ಸಲ್ಲಿ ಬಂದಿದ್ದೆ, ಗಾಡಿಯ ಮೇಲೆ ನಂಬಿಕೆ ಹೋಗಿತ್ತು. ಹಾಗಾದರೆ ಮನೆಯಲ್ಲೇ ಎಸಿ ಹಾಕಿ, ಗಾಡಿ ನಿಲ್ಲಿಸಿದಲ್ಲೇ ಅರ್ಧ ಗಂಟೆ ಓಡಿಸಿ, ಫ್ಯಾನ್ ಮುಂದೆ ಕೂತು ನೋಡಿ ಅಂದರು. ನಿಂತರೆ ಮೋಟಾರಿನ ಬೆನ್ನಿಗೆ ಕಟ್ಟಿಗೆಯಿಂದ ಮೆಲ್ಲಗೆ ಒಂದು ಪೆಟ್ಟು. ಕೈ ಮಾತ್ರ ಒಳಗೆ ಹಾಕಬೇಡಿ, ಅದು ಯಾವಾಗ ಬೇಕಾದರೂ ಚಾಲೂ ಆಗುತ್ತದೆ ಅಂತ ಮೂರು ಸಲ ಹೇಳಿದರು.

ಅಷ್ಟರಲ್ಲಿ ನಾನು ಒಂದು ಒಬಿಡಿ ಡಾಂಗಲ್ ತರಿಸಿಕೊಂಡಿದ್ದೆ. ಆರುನೂರು ರೂಪಾಯಿಯ ಚೈನಾ ಸಾಮಾನು. ಸ್ಟೀರಿಂಗಿನ ಕೆಳಗಿನ ಪೋರ್ಟಿಗೆ ಚುಚ್ಚಿದರೆ ಎಂಜಿನ್ನಿನ ನೀರಿನ ಬಿಸಿ ಎಷ್ಟು ಅಂತ ಮೊಬೈಲಿನಲ್ಲಿ ತೋರಿಸುತ್ತದೆ. ಈ ಇಡೀ ಪ್ರಕರಣದಲ್ಲಿ ನಾನು ಖರ್ಚು ಮಾಡಿದ ಅತ್ಯಂತ ಒಳ್ಳೆಯ ಆರುನೂರು ರೂಪಾಯಿ ಅದು. ಮೊದಲ ದಿನವೇ ಒಂದು ವಿಷಯ ಗೊತ್ತಾಯಿತು. ರಾತ್ರಿ ಹನ್ನೊಂದಕ್ಕೆ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಯಲ್ಲಿ ಗಾಡಿಯ ನೀರು 64 ಡಿಗ್ರಿ. ಅಷ್ಟು ಕಡಿಮೆ ಇರಬಾರದು. ಥರ್ಮೋಸ್ಟಾಟ್ ಇರುವುದೇ ಎಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದೆ ಹಿಡಿದಿಡಲು. ಅದಿಲ್ಲದಿದ್ದರೆ ಎಂಜಿನ್ ತಣ್ಣಗಿದೆ ಅಂದುಕೊಂಡು ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಕೊಡುತ್ತಲೇ ಇರುತ್ತದೆ. ನನ್ನ ಮೈಲೇಜ್ ಯಾಕೆ ಇಳಿದಿದೆ ಅಂತ ಆಗ ತಿಳಿಯಿತು. ಅಂದರೆ ಮೊದಲ ಮಿಸ್ತ್ರಿ ಮಾಡಿದ ಕೆಲಸದಿಂದ ಹೈವೇಯಲ್ಲಿ ಗಾಡಿಗೆ ಚಳಿ, ಸಿಗ್ನಲ್ಲಿನಲ್ಲಿ ಮಾತ್ರ ಮೊದಲಿನ ಹಾಗೇ ಜ್ವರ. ನೀರು ಎಷ್ಟು ಬೇಕಾದರೂ ಸುತ್ತಲಿ, ರೇಡಿಯೇಟರಿಗೆ ಗಾಳಿ ಬೀಸದಿದ್ದರೆ ಬಿಸಿ ಹೋಗುವುದೆಲ್ಲಿಗೆ?

ಭಾನುವಾರ ರಾತ್ರಿ ಹತ್ತೂವರೆಗೆ ಸೊಸೈಟಿ ಪಾರ್ಕಿಂಗ್. ತೆರೆದ ಜಾಗದಲ್ಲಿ ಗಾಡಿ ನಿಲ್ಲಿಸಿದೆ. ಮುಚ್ಚಿದ ಜಾಗದಲ್ಲಿ ಅರ್ಧ ಗಂಟೆ ಎಂಜಿನ್ ಓಡಿಸಿದರೆ ಗಾಡಿಯ ಮೊದಲು ನಾವೇ ಹೋಗುತ್ತೇವೆ. ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಎಸಿ ಫುಲ್. ಬಾನೆಟ್ ತೆಗೆದಿಟ್ಟೆ. ಹೆಂಡತಿ ಟಾರ್ಚ್ ಹಿಡಿದಳು. ಕಟ್ಟಿಗೆ ಎಲ್ಲಿ ಹುಡುಕುವುದು? ಅಡುಗೆಮನೆಯಿಂದ ಲಟ್ಟಣಿಗೆ ತಂದಿದ್ದೆ.

"ಇದರಲ್ಲಿ ನಾಳೆ ನಾನು ಚಪಾತಿ ಮಾಡಬೇಕಾ?" ಅಂತ ಕೇಳಿದಳು.

ಮೊದಲ ಹತ್ತು ನಿಮಿಷ ಏನೂ ಇಲ್ಲ. ಎಸಿ ಕಂಪ್ರೆಸರ್ ಟಕ್ ಅಂತ ಹಿಡಿಯುವುದು, ಫ್ಯಾನ್ ಭರ್ರೆನ್ನುವುದು. ಟಕ್ ಅಂತ ಬಿಡುವುದು, ಫ್ಯಾನ್ ನಿಲ್ಲುವುದು. ಮೊಬೈಲಿನಲ್ಲಿ 88, 90, 89. ವಾಚ್‌ಮನ್ ಬಂದು ನೋಡಿ ಹೋದ. ಮೇಲಿನ ಮಹಡಿಯವರು ಕಿಟಕಿ ಹಾಕಿಕೊಂಡರು. ಹದಿನೈದು ನಿಮಿಷ. ಹೆಂಡತಿ ಟಾರ್ಚ್ ಇನ್ನೊಂದು ಕೈಗೆ ಬದಲಿಸಿದಳು. ಇಪ್ಪತ್ತು ನಿಮಿಷ ಆದಾಗ ಕಾಕಾ ಹೇಳಿದ್ದು ತಪ್ಪು ಅಂತ ನನಗೆ ಅನ್ನಿಸತೊಡಗಿತು. 28,000ವನ್ನು ಎಷ್ಟು ಕಂತಿನಲ್ಲಿ ಕಟ್ಟಬಹುದು ಅಂತ ಲೆಕ್ಕ ಹಾಕುತ್ತಿದ್ದೆ.

ಇಪ್ಪತ್ತೆರಡನೆಯ ನಿಮಿಷಕ್ಕೆ ಟಕ್ ಅಂತು. ಭರ್ರೆನ್ನಲಿಲ್ಲ.

ಆ ಮೌನ ಹೇಗಿತ್ತು ಅಂದರೆ, ಮನೆಯಲ್ಲಿ ಫ್ರಿಜ್ ನಿಂತಾಗ ಇಷ್ಟು ಹೊತ್ತು ಸದ್ದು ಇತ್ತು ಅಂತ ಆಮೇಲೆ ಗೊತ್ತಾಗುತ್ತಲ್ಲ, ಹಾಗೆ. ಟಾರ್ಚ್ ಬೆಳಕಿನಲ್ಲಿ ಫ್ಯಾನಿನ ರೆಕ್ಕೆ ಒಂದೊಂದೂ ಎಣಿಸುವಷ್ಟು ಸ್ತಬ್ಧ. ಕಂಪ್ರೆಸರ್ ಓಡುತ್ತಿದೆ, ಫ್ಯಾನ್ ನಿಂತಿದೆ. ಗಾಡಿಯೊಳಗೆ ಕೈ ಹಿಡಿದು ನೋಡಿದೆ. ಎಸಿ ಗಾಳಿ ಆಗಲೇ ಬೆಚ್ಚಗಾಗುತ್ತಿತ್ತು. ಮೊಬೈಲಿನಲ್ಲಿ 95. 97. 99. ಇಷ್ಟು ಹೊತ್ತಿಗೆ ಎಸಿ ಇಲ್ಲದಿದ್ದರೂ ಫ್ಯಾನ್ ತಾನಾಗಿ ಹಾಕಿಕೊಳ್ಳಬೇಕು. 101. 103. ಮೀಟರಿನ ಮುಳ್ಳು ನೋಡಿದೆ. ಅದು ಏನೂ ಆಗದವರ ಹಾಗೆ ನಟ್ಟನಡುವೆ ಕೂತಿತ್ತು!

ಅದು ನನಗೆ ದೊಡ್ಡ ಆಶ್ಚರ್ಯ. ಸುಮಾರು ಗಾಡಿಗಳಲ್ಲಿ ಈ ಮುಳ್ಳು ಪ್ರತಿ ಡಿಗ್ರಿಗೂ ಅಲ್ಲಾಡುವ ಹಾಗೆ ಇಟ್ಟಿರುವುದಿಲ್ಲ. ಓಡಿಸುವವರಿಗೆ ಸುಮ್ನೆ ಗಾಬರಿ ಬೇಡ ಅಂತ ಎಂಬತ್ತರ ಆಸುಪಾಸಿನಿಂದ ನೂರು ದಾಟುವ ತನಕ ಮಧ್ಯದಲ್ಲೇ ನಿಲ್ಲಿಸಿರುತ್ತಾರೆ. ಅದು ಏಳತೊಡಗಿತು ಅಂದರೆ ನೀರು ಆಗಲೇ ಕುದಿಯಲು ತಯಾರಾಗಿದೆ ಅಂತ ಅರ್ಥ.

104ಕ್ಕೆ ಲಟ್ಟಣಿಗೆ ತೆಗೆದುಕೊಂಡೆ. ಶರ್ಟಿನ ತೋಳು ಮಡಿಸಿ, ಮೇಲಿನಿಂದ, ರೆಕ್ಕೆಗೆ ತಾಗದ ಹಾಗೆ, ಮೋಟಾರಿನ ಬೆನ್ನಿಗೆ ಮೆಲ್ಲಗೆ ಒಂದು ಕುಟ್ಟಿದೆ. ಏನೂ ಇಲ್ಲ. ಇನ್ನೊಂದು.

ಭರ್ರ್!

ಹೆಂಡತಿ ಬೆಚ್ಚಿ ಟಾರ್ಚ್ ಕೆಳಗೆ ಹಾಕಿದಳು. ನಾನು ಸೊಸೈಟಿ ಪಾರ್ಕಿಂಗಿನಲ್ಲಿ ರಾತ್ರಿ ಹನ್ನೊಂದಕ್ಕೆ "ಸಿಕ್ಕಿತು!" ಅಂತ ಕೂಗಿದೆ. 104 ಇದ್ದದ್ದು ಮೂರು ನಿಮಿಷದಲ್ಲಿ 93ಕ್ಕೆ ಇಳಿಯಿತು. ಎಸಿ ಮತ್ತೆ ತಣ್ಣಗಾಯಿತು. ಆರು ನಿಮಿಷ ಬಿಟ್ಟು ಮತ್ತೆ ನಿಂತಿತು. ಮತ್ತೆ ಕುಟ್ಟಿದೆ, ಮತ್ತೆ ತಿರುಗಿತು. ಮೂರನೆಯ ಸಲಕ್ಕೆ ವಿಡಿಯೋ ಮಾಡಿಕೊಂಡೆ. ಮೇಲಿನ ಮಹಡಿಯವರು ಕಿಟಕಿ ತೆಗೆದು ಏನೋ ಅಂದರು. ಅಲ್ಲಿಗೆ ಬಂದ್ ಮಾಡಿದೆ.

ಮರುದಿನ ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆ ಆರಕ್ಕೆ ರಸ್ತೆ ಖಾಲಿ ಇರುವಾಗ ಗಾಡಿಯನ್ನು ಕುರ್ಲಾಕ್ಕೆ ತಂದು ನಿಲ್ಲಿಸಿದೆ. ಅಂಗಡಿ ತೆಗೆಯುವುದು ಹತ್ತಕ್ಕೆ. ವಿಡಿಯೋ ನೋಡಿ ಕಾಕಾ ನಕ್ಕರು. ಆದರೂ ನೇರವಾಗಿ ಮೋಟಾರ್ ಬಿಚ್ಚಲಿಲ್ಲ. ಅದು ನನಗೆ ಹಿಡಿಸಿತು. ರಿಲೇ ಅಂದರೆ ಕರೆಂಟ್ ಹಾಕಿ ತೆಗೆಯುವ ಪುಟ್ಟ ಸ್ವಿಚ್. ಮೊದಲು ಹಾರ್ನಿನ ರಿಲೇ ತೆಗೆದು ಫ್ಯಾನಿನ ಜಾಗಕ್ಕೆ, ಫ್ಯಾನಿನದ್ದು ಹಾರ್ನಿಗೆ ಹಾಕಿದರು. ನನ್ನ ಗಾಡಿಯಲ್ಲಿ ಎರಡೂ ಒಂದೇ ತರಹದ್ದು. ಹಾರ್ನ್ ಹೊಡೆಯಿತು, ಅಂದರೆ ರಿಲೇ ಸರಿ. ಫ್ಯೂಸ್ ನೋಡಿದರು, ಸರಿ. ಗಾಡಿ ಬಿಸಿ ಮಾಡಿ ಫ್ಯಾನ್ ನಿಲ್ಲುವ ತನಕ ಕಾದರು. ನಿಂತ ಮೇಲೆ ವೋಲ್ಟ್ ಅಳೆಯುವ ಮೀಟರಿನ ಎರಡು ಕಡ್ಡಿ ಕನೆಕ್ಟರ್ ಹಿಂದಕ್ಕೆ ಚುಚ್ಚಿದರು. ಬ್ಯಾಟರಿಯಲ್ಲಿ 13.9 ವೋಲ್ಟ್, ಫ್ಯಾನ್ ಕನೆಕ್ಟರಿನಲ್ಲಿ 13.7.

"ಕರೆಂಟ್ ಬಾಗಲಾ ತನಕ ಬಂದೈತಿ. ಒಳಗ ಕರಕೊಳ್ಳಾವ್ರ ಇಲ್ಲ" ಅಂದರು.

ಮೋಟಾರ್ ಜಾಮ್ ಆಗಿದ್ದರೆ ಫ್ಯೂಸ್ ಹಾರಬೇಕಿತ್ತಲ್ವಾ ಅಂತ ಕೇಳಿದೆ. ಜಾಮ್ ಆದ ಮೋಟಾರ್ ಕರೆಂಟ್ ಎಳೆಯುತ್ತದೆ, ಆಗ ಫ್ಯೂಸ್ ಹೋಗುತ್ತದೆ. ಇದು ಎಳೆಯುತ್ತಲೇ ಇಲ್ಲ ಅಂದರು. ಬ್ಯಾಟರಿ ವೈರ್ ಬಿಚ್ಚಿ, ಫ್ಯಾನ್ ಇಳಿಸಿ, ಮೋಟಾರಿನ ಹಿಂದಿನ ತಗಡು ಮುಚ್ಚಳ ಬಿಡಿಸಿದರು. ಒಳಗೆಲ್ಲ ಕರಿ ಪುಡಿ, ಒಲೆಯ ಮಸಿಯ ಹಾಗೆ. ಕಾರ್ಬನ್ ಬ್ರಶ್ ಸವೆದು ಸವೆದು ಉದುರಿದ ಪುಡಿ ಅದು. ಬ್ರಶ್ ಅಂದರೆ ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಪುಟ್ಟ ಕಾರ್ಬನ್ ತುಂಡು, ಹಿಂದಿನಿಂದ ಒಂದು ಸ್ಪ್ರಿಂಗ್ ಅದನ್ನು ಒತ್ತಿ ಹಿಡಿದಿರುತ್ತದೆ. ಕಾಕಾ ಡ್ರಾಯರಿನಿಂದ ಹೊಸದೊಂದು ತೆಗೆದು ನನ್ನ ಅಂಗೈ ಮೇಲಿಟ್ಟರು. ನನ್ನ ಕಿರುಬೆರಳಿನ ಉಗುರಿಗಿಂತ ಉದ್ದ. ಪಕ್ಕದಲ್ಲಿ ನನ್ನ ಗಾಡಿಯದ್ದನ್ನು ಇಟ್ಟರು. ತೊಗರಿಬೇಳೆಯಷ್ಟು ಉಳಿದಿತ್ತು, ಅದೂ ಒಂದು ಬದಿ ಓರೆಯಾಗಿ. ಸ್ಪ್ರಿಂಗ್ ತನ್ನ ಪೂರ್ತಿ ಉದ್ದಕ್ಕೆ ಬಂದು ಮುಗಿದಿತ್ತು, ಇನ್ನು ಒತ್ತಲು ಅದಕ್ಕೆ ಶಕ್ತಿಯೇ ಇಲ್ಲ. ತಣ್ಣಗಿದ್ದಾಗ ಹೇಗೋ ತಾಗಿಕೊಂಡಿರುತ್ತದೆ. ಬಿಸಿಯಾದಾಗ ಆ ಮಸಿಯಲ್ಲಿ ಎಲ್ಲೋ ಸಿಕ್ಕಿಹಾಕಿಕೊಂಡು ಕೂದಲೆಳೆಯಷ್ಟು ದೂರ ನಿಲ್ಲುತ್ತದೆ. ಕುಟ್ಟಿದರೆ ಅದುರಿ ಮತ್ತೆ ತಾಗುತ್ತದೆ. ಗಾಜಿನ ಬಾಗಿಲಿನ ವರ್ಕ್‌ಶಾಪಿನಲ್ಲಿ ಫ್ಯಾನ್ ಭರ್ರೆಂದು ತಿರುಗಿದ್ದೂ ಅದಕ್ಕೇ. ಗಾಡಿ ಆಗ ತಣ್ಣಗಿತ್ತು.

ಬ್ರಶ್ ಮಾತ್ರ ಬದಲಿಸಿದರೆ ಮುನ್ನೂರಕ್ಕೆ ಮುಗಿಯುತ್ತಿತ್ತು. ಕಾಕಾ ಅದನ್ನೇ ಹೇಳಬಹುದಿತ್ತು, ನಾನು ಕಾಲಿಗೆ ಬೀಳುತ್ತಿದ್ದೆ. ಆದರೆ ಆರ್ಮೇಚರ್ ತೋರಿಸಿದರು. ಬ್ರಶ್ ಉಜ್ಜುವ ತಾಮ್ರದ ಜಾಗದಲ್ಲಿ ಉಗುರು ಸಿಕ್ಕುವಷ್ಟು ಗುಳಿ ಬಿದ್ದಿತ್ತು. ಹೊಸ ಬ್ರಶ್ ಹಾಕಿದರೆ ಅದನ್ನೂ ಬೇಗ ತಿಂದುಹಾಕುತ್ತದೆ ಅಂದರು. ಪಕ್ಕದಲ್ಲೇ ರಾಶಿ ಬಿದ್ದಿದ್ದ ಹಳೆ ಫ್ಯಾನ್ ಐನೂರಕ್ಕೆ ಸಿಗುತ್ತಿತ್ತು. ಅದನ್ನೂ ಬೇಡ ಅಂದರು. "ಅದರ ಬ್ರಶ್ ಎಷ್ಟ ಉಳದೈತಿ ನಿಮಗ ಗೊತ್ತೈತೇನು?" ಹೊಸ ಮೋಟಾರ್ 3,400. ಬಿಸಿಗೆ ಕಂದು ಬಣ್ಣಕ್ಕೆ ತಿರುಗಿದ್ದ ಕನೆಕ್ಟರನ್ನೂ ಕತ್ತರಿಸಿ, ಹೊಸದು ಬೆಸುಗೆ ಹಾಕಿ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ಹೆಡ್ ಗ್ಯಾಸ್ಕೆಟಿನ ಹೆದರಿಕೆ ಮಾತ್ರ ನನ್ನ ತಲೆಯಿಂದ ಹೋಗಿರಲಿಲ್ಲ. ಮೂರು ಸಲ ಕುದಿದ ಎಂಜಿನ್. ಕುದಿದದ್ದರಿಂದಲೇ ಗ್ಯಾಸ್ಕೆಟ್ ಹೋಗಿರಬಹುದಲ್ಲ? ಸಂದಿಯಲ್ಲೇ ಇನ್ನೊಬ್ಬರ ಹತ್ತಿರ ಅದನ್ನು ನೋಡುವ ಸಾಮಾನು ಇತ್ತು. ಒಂದು ಗಾಜಿನ ಕೊಳವೆ, ಅದರಲ್ಲಿ ನೀಲಿ ದ್ರವ. ತಣ್ಣಗಿನ ಗಾಡಿಯ ರೇಡಿಯೇಟರ್ ಬಾಯಿಗೆ ಇಟ್ಟು, ಎಂಜಿನ್ ಓಡಿಸಿ, ಮೇಲಿನ ರಬ್ಬರ್ ಗುಂಡು ಒತ್ತಿ ಒಳಗಿನ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ. ಪೆಟ್ರೋಲ್ ಸುಟ್ಟ ಗ್ಯಾಸು ನೀರಿಗೆ ಸೇರುತ್ತಿದ್ದರೆ ನೀಲಿ ಹೋಗಿ ಹಳದಿ ಆಗುತ್ತದೆ. ಐದು ನಿಮಿಷ ನಾನು ಆ ಕೊಳವೆಯನ್ನು ಎಸ್ಸೆಸ್ಸೆಲ್ಸಿ ರಿಸಲ್ಟ್ ನೋಡಿದ ಹಾಗೆ ನೋಡಿದೆ. ನೀಲಿ ನೀಲಿಯಾಗೇ ಉಳಿಯಿತು.

ಉಳಿದದ್ದು ಹಿಂದಿನವರು ಮಾಡಿದ್ದನ್ನು ಸರಿಮಾಡುವ ಕೆಲಸ. ಹೊಸ ಥರ್ಮೋಸ್ಟಾಟ್ ತಂದೆ, ಮೇಲೆ 82 ಅಂತ ಒತ್ತಿದ್ದಾರೆ, ಅಂದರೆ 82 ಡಿಗ್ರಿಗೆ ತೆರೆಯತೊಡಗುತ್ತದೆ. ಹಾಕುವ ಮೊದಲು ಕಾಕಾ ಅದನ್ನು ದಾರಕ್ಕೆ ಕಟ್ಟಿ, ಒಂದು ಹಳೆ ಡಬ್ಬದ ನೀರಿಗೆ ಇಳಿಬಿಟ್ಟು ಸ್ಟವ್ ಮೇಲೆ ಇಟ್ಟರು. ನೀರು ಕುದಿಯುವ ಮೊದಲೇ ಅದರ ಬಾಯಿ ಮೆಲ್ಲಗೆ ತೆರೆಯಿತು. ಹೊಸದನ್ನೂ ಹೀಗೆ ನೋಡದೆ ಹಾಕಬಾರದಂತೆ. ಬೋರ್ ನೀರೆಲ್ಲ ಹೊರಗೆ ಹಾಕಿದೆವು. ತುಕ್ಕಿನ ಬಣ್ಣ ಬಂದಿತ್ತು. ಎರಡು ಸಲ ತೊಳೆದು, ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ ಸೇರಿಸಿ ತುಂಬಿದೆವು. ರೇಡಿಯೇಟರ್ ಮುಚ್ಚಳದ ರಬ್ಬರ್ ಬಿರುಕು ಬಿಟ್ಟಿತ್ತು, ಅದನ್ನೂ ಬದಲಿಸಿದೆ. ಒತ್ತಡ ಹಿಡಿಯದ ಮುಚ್ಚಳ ಅಂದರೆ ಗ್ಯಾಸ್ಕೆಟ್ ಇಲ್ಲದ ಕುಕ್ಕರ್. ಮುಂದಿನ ಎರಡು ಚಕ್ರ ಫುಟ್‌ಪಾತ್ ಮೇಲೆ ಹತ್ತಿಸಿ, ಗಾಡಿಯ ಮೂತಿ ಮೇಲೆ ಮಾಡಿ, ಹೀಟರ್ ಹಾಕಿ, ಪೈಪನ್ನು ಹಿಂಡಿ ಹಿಂಡಿ ಒಳಗಿನ ಗಾಳಿ ಬಿಡಿಸಿದರು. ಪ್ರತಿ ಗುಳ್ಳೆಗೂ ಒಂದಿಷ್ಟು ನೀರು ಕೆಳಗೆ ಇಳಿಯುತ್ತಿತ್ತು.

ನೆಲಕ್ಕೆ ಚೆಲ್ಲಿದ ಕೂಲಂಟನ್ನು ಒಂದು ನಾಯಿ ಮೂಸುತ್ತಾ ಬಂತು. ಕಾಕಾ ಅದನ್ನು ಓಡಿಸಿ, ಬಕೆಟ್ ನೀರು ಸುರಿದು ತೊಳೆದರು. ಅದು ಸಿಹಿ ಇರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ, ಮತ್ತೆ ಬದುಕುವುದಿಲ್ಲ. ನಮ್ಮ ಪಾರ್ಕಿಂಗಿನಲ್ಲಿ ಎಷ್ಟು ಚೆಲ್ಲಿದ್ದೆನೋ ಅಂತ ಆ ದಿನ ಹೊಟ್ಟೆ ತಳಮಳ ಆಯಿತು. ಸಂಜೆ ಮನೆಗೆ ಹೋದವನು ಮೊದಲು ಅದನ್ನು ತೊಳೆದೆ.

ಎಲ್ಲ ಸೇರಿ ಕುರ್ಲಾದಲ್ಲಿ ಖರ್ಚಾದದ್ದು 6,000. ಆ ನೀಲಿ ದ್ರವದ ಟೆಸ್ಟ್ ಮಾಡಿದವನಿಗೆ ಬೇರೆ ಇನ್ನೂರು. ಅದಕ್ಕೂ ಮೊದಲು ಕಳೆದದ್ದನ್ನು ಹೆಂಡತಿ ಆಗಾಗ ನೆನಪಿಸುತ್ತಾಳೆ, ನಾನು ಇಲ್ಲಿ ಮತ್ತೆ ಬರೆಯುವುದಿಲ್ಲ.

ಆ ವಾರ ಬೇಕೆಂದೇ ಸಂಜೆ ಆರೂವರೆಗೆ ಸಾಕಿನಾಕಾಕ್ಕೆ ಹೋದೆ. ಕೆಲಸ ಏನೂ ಇರಲಿಲ್ಲ. ಟ್ರಾಫಿಕ್ ಜಾಮ್ ಹುಡುಕಿಕೊಂಡು ಹೋದ ಮುಂಬಯಿಯವನು ನಾನೊಬ್ಬನೇ ಇರಬೇಕು. ಮುಕ್ಕಾಲು ಗಂಟೆ ತೆವಳಿದೆ. ಮೊಬೈಲಿನಲ್ಲಿ 89, 92, 94, ಭರ್ರ್, 91. ಟೈರ್ ಅಂಗಡಿಯವನು ಗುರುತು ಹಿಡಿದು, ಏನು ಮತ್ತಾ ಅಂತ ಕೈ ಮಾಡಿದ. ಇಲ್ಲ ಅಂತ ನಾನೂ ಕೈ ಮಾಡಿದೆ.

ಅಮ್ಮ ಮತ್ತೆ ಬಂದದ್ದು ದೀಪಾವಳಿ ಕಳೆದ ಮೇಲೆ. ಬೆಳಗಿನ ರೈಲಿಗೆ ಕರೆತರಲು ಹೋದೆ. ರೈಲು ತಡ. ಹೊರಗೆ ಬರುವಷ್ಟರಲ್ಲಿ ಆಫೀಸ್ ಟ್ರಾಫಿಕ್ ಶುರುವಾಗಿತ್ತು. ಸಾಕಿನಾಕಾದಲ್ಲಿ ನಿಂತೆವು. ಅಮ್ಮ ಒಂದು ಸಲ ಬಾನೆಟ್ ಕಡೆ ನೋಡಿದರು, ಒಂದು ಸಲ ನನ್ನ ಕಡೆ. ಹತ್ತು ನಿಮಿಷ ಆಯಿತು, ಹದಿನೈದು ಆಯಿತು. ಸೆರಗು ಹೊದ್ದುಕೊಂಡರು.

"ಎಸಿ ಸ್ವಲ್ಪ ಕಮ್ಮಿ ಮಾಡ್ ಮಗಾ. ಚಳಿ ಆತ್ತ್."